ಆಮೇಲೇನಿಲ್ಲ

ಹಾಸನದ ಆರ್‌ಟಿಓ ಆಫೀಸಿನ ಅಂಗಳದಲ್ಲಿ ಶಾಮಿಯಾನ.
ಸುರಕ್ಷತಾ ಸಪ್ತಾಹ. ನನಗೊಂದು ಶಾಲು, ಒಂದು ಪೇಟ,
ಹಣ್ಣಿನ ಬುಟ್ಟಿ: ಮೇಲಿನ ಸಾಲಷ್ಟೇ ಸೇಬು, ಕೆಳಗೆಲ್ಲ ಪೇಪರು.
ಮೂವತ್ತೆಂಟು ವರ್ಷ, ಒಂದೂ ಅಪಘಾತವಿಲ್ಲ ಅಂತ
ಮೈಕಿನಲ್ಲಿ ಓದಿದರು. ಲೈಸೆನ್ಸಿಗೆ ಬಂದ ಹುಡುಗರು
ಉಪ್ಪಿಟ್ಟಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡೇ ಚಪ್ಪಾಳೆ ತಟ್ಟಿದರು.

ಸಾಹೇಬರು ಪರದೆಯ ಮೇಲೆ ಪಟ್ಟಿ ತೋರಿಸಿದರು:
ಒಣ ರಸ್ತೆಗೆ ಇಷ್ಟು, ಒದ್ದೆಗೆ ಇಷ್ಟು,
ಮಂಜಿಗೆ, ಇಳಿಜಾರಿಗೆ ಇಷ್ಟಿಷ್ಟು ಕಿಲೋಮೀಟರು.
ತಪ್ಪೇನಿಲ್ಲ. ಆದರೆ ನನ್ನ ಹಳೇ ಗಾಡಿಯ ಸ್ಪೀಡಾಮೀಟರಿನ ಮುಳ್ಳು
ಸತ್ತು, ಹನ್ನೊಂದು ವರ್ಷ ಸೊನ್ನೆಯ ಮೇಲೆ ಮಲಗಿತ್ತು.
ಇದನ್ನು ಸಾಹೇಬರ ಮುಂದೆ ಹೇಳಲಿಲ್ಲ.

ನನಗೆ ಲೆಕ್ಕ ಕಲಿಸಿದ್ದು ಮೊಯ್ದಿನಬ್ಬ.
ಡ್ಯಾಶ್‌ಬೋರ್ಡಿನ ಮೇಲೆ ಅರ್ಧ ಲೋಟ ನೀರಿಟ್ಟು ಹೇಳುತ್ತಿದ್ದ:
'ತಿರುವಿನಲ್ಲಿ ಇದು ಚೆಲ್ಲಿದರೆ ಹಿಂದಿನ ಮೂಟೆಯೂ ಚೆಲ್ಲುತ್ತದೆ ಮಾರಾಯಾ.
ಲೋಟ, ಲೋಡು, ಎರಡಕ್ಕೂ ಒಂದೇ ಬುದ್ಧಿ.
ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ.
ನ್ಯೂಟ್ರಲ್ ಹಾಕಿ ಉಳಿಸಿದ ಡೀಸೆಲ್ಲು ತಿಥಿಯ ಖರ್ಚಿಗೂ ಸಾಲದು.
ಬ್ರೇಕಿನ ವಾಸನೆ ಮೂಗಿಗೆ ಬಂತೋ,
ನೀನು ಆಗಲೇ ಎರಡು ತಿರುವು ತಡ.'

ಜಡಿಮಳೆಗಲ್ಲ, ಅವನು ಮೊದಲ ಮಳೆಗೆ ಹೆದರುತ್ತಿದ್ದ.
ಬೇಸಿಗೆಯ ಧೂಳು, ತೊಟ್ಟಿಕ್ಕಿದ ಆಯಿಲು, ಮೇಲೆ ನಾಲ್ಕು ಹನಿ:
'ಎಣ್ಣೆಸ್ನಾನ ಮಾಡಿದ ರಸ್ತೆ ಇದು. ಇಲ್ಲಿ ಬ್ರೇಕನ್ನು
ಮಲಗಿದ ಮಗುವಿನ ಹೊದಿಕೆ ಸರಿಸುವ ಹಾಗೆ ಒತ್ತು.'
ತುಂಬಿದ ಗಾಡಿಗಿಂತ ಖಾಲಿ ಗಾಡಿಯ ಮೇಲೆ ಅವನಿಗೆ ಅನುಮಾನ ಜಾಸ್ತಿ.
ತೂಕವಿಲ್ಲದವನ ಮಾತಿನ ಹಾಗೆ, ಎತ್ತ ಬೇಕಾದರೂ ಜಾರುತ್ತದೆ.
ಮಂಜಿಗೆ ಒಂದೇ ಸೂತ್ರ:
ಕಂಡಷ್ಟೇ ರಸ್ತೆ. ಕಾಣದ್ದನ್ನು ಇನ್ನೂ ಹಾಕಿಲ್ಲ.

ಪತ್ರಿಕೆಯ ಹುಡುಗಿ ಪೆನ್ನು ಹಿಡಿದು ಬಂದಳು.
'ಮೈ ಜುಂ ಅನ್ನುವಂಥ ಒಂದು ಘಟನೆ ಹೇಳಿ.'
ಯೋಚಿಸಿದೆ. ಒಂದು ಹೇಳಿದೆ.

ಮೇ ತಿಂಗಳು. ಕ್ಯೂರಿಂಗ್ ವರ್ಕ್ಸಿನಿಂದ ಮಂಗಳೂರು ಬಂದರಿಗೆ ಕಾಫಿ.
ಸಕಲೇಶಪುರದಲ್ಲಿ ಟೀಗೆ ನಿಂತಾಗಲೇ ಮಾಲೀಕರ ಫೋನು:
ಹಡಗು ಕಾಯಲ್ಲ ಹೊನ್ನಯ್ಯ.
ದೋಣಿಗಲ್ ದಾಟಿದಾಗ ರಾತ್ರಿ ಒಂದೂವರೆ.
ಮೊದಲ ಮಳೆ ಆಗಷ್ಟೇ ಬಿದ್ದು ನಿಂತು, ರಸ್ತೆ ಹೊಗೆಯಾಡುತ್ತಿತ್ತು.
ಎರಡನೇ ಗೇರು. ಮೊಯ್ದಿನಬ್ಬನ ಲೋಟ ಎದುರಿಗೆ.
ಪಕ್ಕದಲ್ಲಿ ಯಾರಾದರೂ ನಡೆಯುತ್ತಿದ್ದರೆ
ಊರ ಸುದ್ದಿ ಮಾತಾಡಿಕೊಂಡೇ ಹೋಗಬಹುದಿತ್ತು, ಅಷ್ಟು ನಿಧಾನ.
ಹಿಂದೆ ಒಂದು ಬಸ್ಸು, ಎರಡು ಖಾಲಿ ಮೀನಿನ ಲಾರಿ,
ಹಾರನ್ನಿನಲ್ಲೇ ನನ್ನ ಅಪ್ಪ ಅಮ್ಮನನ್ನು ವಿಚಾರಿಸಿಕೊಳ್ಳುತ್ತಿದ್ದವು.
ನಾನೂ ಮನುಷ್ಯನೇ. ಕಾಲು ಒಮ್ಮೆ ಆಕ್ಸಿಲೇಟರು ಒತ್ತಿತು.
ಲೋಟದ ನೀರು ಕುಲುಕಿತು. ತೆಗೆದೆ.

ಮಾರನಹಳ್ಳಿಗೆ ಮುಂಚಿನ ತಿರುವಿನಲ್ಲಿ
ರಸ್ತೆಗೆ ಅಡ್ಡ ಒಂದು ಹಸಿ ಕೊಂಬೆ. ಎಲೆ ಬಾಡಿರಲಿಲ್ಲ.
ಅದರಾಚೆ ನಾಲ್ಕೇ ಮಾರು: ಜಾಕಿನ ಮೇಲೆ ಜಲ್ಲಿ ಲಾರಿ,
ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ ಕ್ಲೀನರ್ ಹುಡುಗ,
ಹದಿನೆಂಟೋ ಹತ್ತೊಂಬತ್ತೋ, ತಲೆಗೆ ಪ್ಲಾಸ್ಟಿಕ್ ಕವರು.
ನನ್ನ ಗಾಡಿ ಕೊಂಬೆಯನ್ನು ಮುಟ್ಟದೆ ನಿಂತಿತು.

ಹುಡುಗ ಬೆಚ್ಚಲಿಲ್ಲ, ತಿರುಗಲೂ ಇಲ್ಲ.
ಬೆಳಕು ಬಿದ್ದದ್ದು ಅನುಕೂಲವಾಯಿತು, ಅಷ್ಟೇ.
'ಅಣ್ಣಾ, ಲೈಟ್ ಆಫ್ ಮಾಡಬೇಡಿ, ಒಂದು ನಟ್ಟು ಉರುಳಿಹೋಗಿದೆ.'
ಹುಡುಕಿದೆವು. ಬಸ್ಸಿನ ಡ್ರೈವರೂ ಇಳಿದು ಬಂದ,
ಬೈಯುತ್ತಲೇ, ಮೊಬೈಲಿನ ಟಾರ್ಚ್ ಹಿಡಿದು.
ಚರಂಡಿಯ ಅಂಚಿನಲ್ಲಿ ಸಿಕ್ಕಿತು.

'ಆಮೇಲೆ?' ಅಂದಳು ಹುಡುಗಿ.
ಆಮೇಲೇನಿಲ್ಲಮ್ಮ. ನಟ್ಟು ಬಿಗಿದ, ಕೊಂಬೆ ಪಕ್ಕಕ್ಕೆ ಎಸೆದ,
ಚಡ್ಡಿಗೆ ಕೈ ಒರೆಸಿಕೊಂಡು ಹತ್ತಿ ಕೂತ.
ಅವಳು ಪುಸ್ತಕ ಮುಚ್ಚಿದಳು.

ಆ ಹುಡುಗನ ಹೆಸರು ನಾನು ಕೇಳಿರಲಿಲ್ಲ.
ಕೇಳುವಂಥದ್ದೇನೂ ಆಗಿರಲಿಲ್ಲ.