ಐದರಲ್ಲಿ ಮೂರು

ಶುಕ್ರವಾರ, ಸೊಹಾರ್. ಏಸಿಯ ನೀರು
ಬಕೆಟ್ಟಿಗೆ ತೊಟ್ಟಿಕ್ಕುವ ಸದ್ದು.
ಮೇಜಿನ ಪ್ಲಾಸ್ಟಿಕ್ ಹೊದಿಕೆಗೆ ಮೊಣಕೈ ಅಂಟಿಸಿಕೊಂಡು
ಫ್ಲೆವಿಟಾ ಅಳಿಸಿ ಅಳಿಸಿ ಹಾಳೆ ತೂತು ಮಾಡಿದ್ದಾಳೆ.

'ಬಾಣದ ಆಚೆ ಈಚೆ ಸಮ ಬರಬೇಕಂತೆ ಪಪ್ಪಾ,
ಒಂದು ಪರಮಾಣು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.'
ಬಗ್ಗಿ ನೋಡಿದೆ. ಅಸಿಟಿಲೀನ್!
ಅರೆ, ಇದು ನನ್ನ ಕೆಂಪು ಪೈಪು.
ಇಪ್ಪತ್ತೆರಡು ವರ್ಷ ಹೆಗಲಿಗೆ ಸುತ್ತಿಕೊಂಡದ್ದು
ಬರೇ ಎರಡಕ್ಷರ, ಎರಡು ಅಂಕಿ ಎಂದು
ಯಾರೂ ಹೇಳಿರಲಿಲ್ಲ.

ಹತ್ತನೆಯಲ್ಲಿ ವಿಜ್ಞಾನಕ್ಕೆ ಇಪ್ಪತ್ತೊಂದು ಬಂದವನು ನಾನು.
ಆದರೆ ಉರಿ ಗೊತ್ತು.
ನೀಲಿ ಪೈಪು ಕಡಿಮೆ ಬಿಟ್ಟರೆ ಮಸಿ ಉಗುಳುತ್ತದೆ,
ಕೂದಲಿನಂಥ ಕರಿ ಎಳೆ ಹಾರಿಬಂದು ಮೂಗಿಗೆ ಕೂರುತ್ತದೆ.
ಜಾಸ್ತಿಯಾದರೆ ಬುಸ್ಸೆಂದು ಕಬ್ಬಿಣವನ್ನೇ ಸುಡುತ್ತದೆ.
ನಡುವೆ ಒಂದು ಜಾಗವಿದೆ:
ಒಳಗಿನ ಮೊನೆ ಅಕ್ಕಿಕಾಳಿನಷ್ಟು ಬಿಳಿ, ಸದ್ದು ತುಸು ಮೆತ್ತಗೆ.
ಕಿವಿಗೆ ಗೊತ್ತು ಅದು, ಹೆಬ್ಬೆರಳಿಗೆ ಗೊತ್ತು.

ಅವಳು ಎಣಿಸುತ್ತಾಳೆ.
ಇಂಗಾಲ ಎರಡು, ಎರಡು. ಜಲಜನಕ ಎರಡು, ಎರಡು.
ಆಮ್ಲಜನಕ ಮಾತ್ರ ಬಲಕ್ಕೆ ಐದು,
ಎಡಕ್ಕೆ ಜೋಡಿ ಜೋಡಿಯಾಗಿಯೇ ಬರುವ ಹಟ.
ಥಟ್ಟನೆ ನೀರಿನ ಕಾಲಬುಡದಲ್ಲಿ ಒಂದು ಎರಡು ಬರೆದಳು.
ಆರಕ್ಕೆ ಆರು! ಚಪ್ಪಾಳೆ ತಟ್ಟಿದಳು.
ಆಮೇಲೆ ತಾನೇ ನಾಲಿಗೆ ಕಚ್ಚಿದಳು:
'ಕೆಳಗಿನ ಚಿಕ್ಕ ಅಂಕಿ ಮುಟ್ಟಬಾರದು ಪಪ್ಪಾ.
ಲೆಕ್ಕ ಕೂಡುತ್ತದೆ, ಆದರೆ ಅದು ನೀರಲ್ಲ.
ಮಮ್ಮಿ ಗಾಯಕ್ಕೆ ಹಾಕುವ, ನೊರೆ ಬರುವ ಬಾಟ್ಲಿ.
ಎಷ್ಟು ಅನ್ನುವುದನ್ನು ಬದಲಿಸಬಹುದು,
ಏನು ಅನ್ನುವುದನ್ನು ಬದಲಿಸಬಾರದು.'

ಎರಡೂವರೆ ಬರೆದಳು. ಅರ್ಧ ಇಟ್ಟರೆ ಟೀಚರ್ ಬಯ್ಯುತ್ತಾರಂತೆ.
ಎಲ್ಲವನ್ನೂ ಇಮ್ಮಡಿ ಮಾಡಿದಳು:
ಎರಡು ಕೆಂಪಿಗೆ ಐದು ನೀಲಿ.

'ಇಲ್ಲ,' ಅಂದೆ. 'ನಾನು ಬಿಡುವುದು ಸಮ ಸಮ.
ಎರಡಕ್ಕೆ ಎರಡೇ.'
'ಹಾಗಾದರೆ ಉಳಿದ ಮೂರು?'
'ಅದು... ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳುತ್ತದೆ.'
ಎಷ್ಟೋ ವರ್ಷ ಹಿಂದೆ ಟ್ರೇನಿಂಗಿನಲ್ಲಿ ಹೇಳಿದ್ದ ಮಾತು,
ಬಾಯಿಗೆ ಬಂತು.
ಬಂದಮೇಲೆ ಕೇಳಿಸಿತು.

ಬಂದರಿನ ಹಿಂದಿನ ಯಾರ್ಡು. ಎಣ್ಣೆ ಟ್ಯಾಂಕಿನ ಹೊಟ್ಟೆಯೊಳಗೆ
ನಾನು, ಮೊಫಿಜುಲ್.
ಬ್ಲೋವರನ್ನು ಬೇರೆ ಕೆಲಸಕ್ಕೆ ಒಯ್ದಿದ್ದರು.
'ಹತ್ತೇ ನಿಮಿಷ ಸಲ್ದಾನ, ಮುಗಿಸಿಬಿಡು.'
ನನ್ನ ಬೆನ್ನ ಹಿಂದೆ ಮ್ಯಾನ್‌ಹೋಲ್.
ಅವನು ಆಚೆ ತುದಿಯಲ್ಲಿ ತಗಡು ಹಿಡಿದು ಕೂತಿದ್ದ,
ನೋಖಾಲಿಯ ಯಾವುದೋ ಹಾಡು ಗುನುಗುತ್ತ.
ಹಾಡು ಯಾವಾಗ ನಿಂತಿತು?
ಉರಿಯ ಸದ್ದು ಕೇಳಲು ಪಳಗಿದ ಕಿವಿ ಇದು,
ಬೇರೇನೂ ಕೇಳಲಿಲ್ಲ.

ವರದಿ ಟೈಪಾಗಿ ಬಂತು. ಕಾರಣ: ಬಿಸಿಲಿನ ಆಘಾತ.
ಸಮಯ: ರಾತ್ರಿ ಒಂಬತ್ತೂಕಾಲು.
ಒಳಗೆ ಹೋದವರು ಇಬ್ಬರು, ಹೊರಗೆ ತಂದವರು ಇಬ್ಬರು.
ಲೆಕ್ಕ ಕೂಡಿತ್ತು.
ಸಾಕ್ಷಿಯ ಗೆರೆಯ ಮೇಲೆ ನಾನೂ ಸಹಿ ಹಾಕಿದೆ.
ಆ ತಿಂಗಳ ಓವರ್‌ಟೈಮು ತಪ್ಪದೆ ಬಂತು.

'ಪಪ್ಪಾ, ಸರಿಯಾ?'
'ಸರಿ.'
'ಟೆಕ್ಸ್ಟಿನಲ್ಲಿ ಗಾಳಿಯ ಮಾತೇ ಇಲ್ಲವಲ್ಲ.
ಆ ಮೂರು ಎಲ್ಲಿಂದ ಬಂತು ಅಂತ ಬರೆಯಲಾ?'
'ಬರೆ.'
'ಮಾರ್ಕಿಗಿಲ್ಲ ಅದು.'
'ಬರೆ ಮಗಾ.'

ಬರೆದಳು, ಮೂಲೆಯಲ್ಲಿ, ಪೆನ್ಸಿಲಿನಲ್ಲಿ, ಚಿಕ್ಕದಾಗಿ.
ಪುಸ್ತಕ ನನ್ನತ್ತ ತಿರುಗಿಸಿ ಪೆನ್ನು ಕೊಟ್ಟಳು.
ಹೆತ್ತವರ ಸಹಿಗೆಂದು ಕೆಳಗೊಂದು ಗೆರೆ.

'ತಡಿ,' ಅಂದೆ, 'ಇನ್ನೊಮ್ಮೆ ಎಣಿಸುತ್ತೇನೆ.'
ಇಂಗಾಲ ನಾಲ್ಕು, ನಾಲ್ಕು.
ಜಲಜನಕ ನಾಲ್ಕು, ನಾಲ್ಕು.
ಆಮ್ಲಜನಕದ ಹತ್ತಿರ ಬೆರಳು ನಿಂತಿತು.
ಬಕೆಟ್ಟು ತುಂಬಿ ನೆಲಕ್ಕೆ ಹರಿಯುತ್ತಿದೆ,
ಅವಳು ಎದ್ದು ಹೋದಳು ಚೆಲ್ಲಲು.