ಒಳಕಿಸೆ

ಸಿನಿಮಾದಲ್ಲಿ ಅವಳು ರೈಲಿನಿಂದ ಜಿಗಿದಾಗ
ಎಲ್ಲರೂ ಪಿಸ್ತೂಲು ನೋಡಿದರು.
ನಾನು ನೋಡಿದ್ದು ಕೋಟಿನ ಅಸ್ತರು.
ಗಾಳಿಗೆ ಒಂದೇ ಸಲ ಮಗುಚಿತು, ಕೆಂಪು ಸ್ಯಾಟಿನ್,
ಎಡ ಪಕ್ಕೆಲುಬಿನ ನೇರಕ್ಕೆ ಒಂದು ಒಳಕಿಸೆ,
ಬಾಯಿಗೆ ಜೋಡಿ ಹೊಲಿಗೆ, ಗುಂಡಿ ಇಲ್ಲ.

ಕೌಲ್‌ಬಜಾರಿನ ಶೆಡ್ಡಿನಲ್ಲಿ ಒಂಬತ್ತು ವರ್ಷ
ನಾನು ಹೊಲಿದದ್ದು ಬರೀ ಕಿಸೆ.
ಕಾಲು ಇನ್ಯಾರದೋ, ಜಿಪ್ಪು ಖೈರುನ್ನಿಸಾಳದು,
ಪೂರ್ತಿ ಪ್ಯಾಂಟು ನೋಡಬೇಕೆಂದರೆ
ಬೀದಿಯಲ್ಲಿ ಹೋಗುವ ಗಂಡಸರನ್ನೇ ನೋಡಬೇಕು.
ಒಬ್ಬೊಬ್ಬರಿಗೂ ಐದೈದು ಕಿಸೆ.
ನನ್ನ ಸೀರೆಗೆ ಒಂದೂ ಇಲ್ಲ.

"ಬಳ್ಳಾರಿ ಬಿಸಿಲಾಗ ಕೋಟಾ?" ಖೈರುನ್ನಿಸಾ ನಕ್ಕಳು.
"ಬೆಂದೇ ಸಾಯ್ತಿ, ಶತ್ರು ಯಾಕ ಬೇಕು?"
ಕೋಟು ಬೇಡ ಬಿಡು.
ಕತ್ತರಿಯಿಂದ ಬಿದ್ದ ಚೂರು ಆಯ್ದು
ತೋಳಿಲ್ಲದ್ದೊಂದು ಜಾಕೀಟು,
ಕಾಲರು ಮಾತ್ರ ಅವಳದರ ಹಾಗೆ ಎತ್ತಿ,
ನಡುವಿಗೆ ಪಟ್ಟಿ; ಅಸ್ತರಿಗೆ
ಅವ್ವನ ಹಳೇ ಇಳಕಲ್ಲಿನ ಸೆರಗು.
ಕಿಸೆಯ ಬಾಯಿ ಎಷ್ಟಿರಬೇಕು?
ನಾಲ್ಕು ಬೆರಳು ಹೋಗಬೇಕು, ಐದನೆಯದು ಕಾವಲಿಗೆ ಹೊರಗೆ.

ಊಟದ ಹೊತ್ತಿಗೆ ಖೈರುನ್ನಿಸಾ ದನಿ ಇಳಿಸಿದಳು:
ಬುರ್ಖಾದ ಒಳಗೆ ನನಗೂ ಒಂದು.
ಆಮೇಲೆ ಇಸ್ತ್ರಿಯ ಹಂಪಮ್ಮ,
ದಾರ ಕತ್ತರಿಸುವ ಇಬ್ಬರು ಹುಡುಗಿಯರು,
ಮಾಲೀಕನ ಹೆಂಡತಿ ಕೂಡ, ಡ್ರೈವರನ ಕೈಲಿ ರವಿಕೆ ಕಳಿಸಿ.
ಏನಿಡುತ್ತೀ ಎಂದು ನಾನು ಕೇಳಲಿಲ್ಲ.
ಒಬ್ಬರಿಗೊಬ್ಬರು ಕೇಳಿಕೊಳ್ಳಲೂ ಇಲ್ಲ.

ನನ್ನದರಲ್ಲಿ ಇನ್ನೂ ಏನೂ ಇಟ್ಟಿಲ್ಲ.
ಸಂಜೆ ಮೋತಿ ಸರ್ಕಲ್ ದಾಟುವಾಗ
ಕೈ ಒಳಗಿಡುತ್ತೇನೆ,
ನೀಲಿ ಹತ್ತಿದ ಬೆರಳುಗಳು ಸುಮ್ಮನೆ ಮಲಗುತ್ತವೆ.
ಯಾರೋ ಬೈಕು ನಿಧಾನಿಸಿ ನೋಡಿದರೆ
ಅವಳ ಹಾಗೆ ಕಾಲರು ಏರಿಸಿ
ಕೋಟೆಗುಡ್ಡದ ಕಡೆ ತಿರುಗುತ್ತೇನೆ,
ಅಲ್ಲಿಂದ ಯಾರಾದರೂ
ಸನ್ನೆ ಮಾಡುವುದಿದೆಯೇನೋ ಎಂಬಂತೆ.