ಕಿಟಕಿಯ ಹಿಡಿ

ಹೆಬ್ಬೆಟ್ಟಿನಷ್ಟು ಪ್ಲಾಸ್ಟಿಕ್ಕು. ಕಿಟಕಿ ತಿರುಗಿಸುವ ಹಿಡಿ.
ಷೋರೂಮಿನ ಹುಡುಗ ಕಂಪ್ಯೂಟರಿನೊಳಗೆ ಇಣುಕಿ
ನಲವತ್ತೊಂದು ಡಾಲರ್ ಅಂದ,
ಬರಲು ಆರು ವಾರ ಅಂದ,
ಮುಖದ ಒಂದು ಗೆರೆಯೂ ಅಲುಗದೆ.
ಅಕ್ಕ ವರ್ನಾ ಕೈಚೀಲ ಮುಚ್ಚಿದಳು:
"ಮಗೂ, ನಾವು ಕೇಳಿದ್ದು ಹಿಡಿ. ಕಿಟಕಿಯಲ್ಲ."

ಮೂವತ್ತೊಂದು ವರ್ಷ ಮೈನಾಟ್ ಊರಲ್ಲಿ ಲಾಂಡ್ರಿ ನಡೆಸಿದವರು ನಾವು.
ಹನ್ನೆರಡು ಯಂತ್ರ, ಹೊರಗೆ ಹಿಮ, ಒಳಗೆ ಹಬೆ.
ಯಾವುದು ಯಾವ ದಿನ ಕೈಕೊಡುತ್ತದೆಂದು
ಸದ್ದು ಕೇಳಿಯೇ ಹೇಳುತ್ತಿದ್ದೆವು.
ಅಂಗಡಿ ಮಾರಿದ ದುಡ್ಡಲ್ಲಿ ಕೊಂಡದ್ದು ಈ ಮನೆಗಾಡಿ:
ತೊಂಬತ್ತನಾಲ್ಕರದ್ದು, ಮೈಮೇಲೆ ಕಂದು ಪಟ್ಟೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು
ಇದರೊಳಗೆ ಗಾದೆಯಲ್ಲ, ಅಳತೆ.
ಒಂದು ಗೇಣು ಹೆಚ್ಚು ಚಾಚಿದರೆ ಒಲೆ.

ಒಂಬತ್ತು ಚಳಿಗಾಲಗಳಲ್ಲಿ ಕಲಿತದ್ದು:
ಮನೆಗಾಡಿಯದು ಎಂದು ಚೀಟಿ ಅಂಟಿಸಿದೊಡನೆ
ರಬ್ಬರಿನ ಬಳೆಗೆ ಹದಿನಾಲ್ಕು ಡಾಲರ್.
ಅದೇ ಬಳೆ ದೋಣಿಯ ಅಂಗಡಿಯಲ್ಲಿ ಒಂಬತ್ತು,
ಟ್ರ್ಯಾಕ್ಟರಿನವನ ಹತ್ತಿರ ಐದು,
ಬಟ್ಟೆ ಒಗೆಯುವ ಯಂತ್ರದ ಹೊಟ್ಟೆಯಲ್ಲಿ
ಎರಡು ಡಾಲರಿನ ಬಡಪಾಯಿ.
ರಬ್ಬರಿಗೇನು ಗೊತ್ತು ತಾನು ಯಾವ ಮನೆಯದೆಂದು!
ಅಂಗಡಿಯಲ್ಲಿ ಗಾಡಿಯ ಹೆಸರು ಎತ್ತಬೇಡಿ.
ಮುರಿದದ್ದನ್ನು ಮುಷ್ಟಿಯಲ್ಲಿ ಹಿಡಿದು ಹೋಗಿ,
ಅದರ ಬೆನ್ನಿನ ನಂಬರು ಓದಲು ಭೂತಗನ್ನಡಿ ಒಯ್ಯಿರಿ.
ಹೇಗೆ ಬಂದಿರಿ ಎಂದು ಕೇಳಿದರೆ
ನಡೆದುಕೊಂಡು ಅನ್ನಿ.

ಗ್ಯಾಸಿನ ಕೊಳವೆಗೂ ಬ್ರೇಕಿಗೂ ಮಾತ್ರ ಚೌಕಾಶಿ ಸಲ್ಲದು.
ವರ್ನಾಳ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ
ಕೆಂಪು ಶಾಯಿಯಲ್ಲಿದೆ ಇದು.
ಅವಳ ಹುಬ್ಬು ಸುಟ್ಟ ವರ್ಷ ಬರೆದದ್ದು.

ಯೂಮಾದ ಆಚೆ, ಲೆಟಿಸ್ ಹೊಲಗಳೂ ಮುಗಿದ ಮೇಲೆ
ಎಫ್ರೇನನ ಗುಜರಿ ಅಂಗಳ.
ಓಡಿ ಓಡಿ ಸತ್ತ ಗಾಡಿಗಳು ಸಾಲಾಗಿ,
ಹರಿದ ಚಪ್ಪರಗಳು ಗಾಳಿಗೆ ಪಟಪಟ.
"ಬಿಚ್ಚುವುದು ನೀವು, ಬೆಲೆ ಹೇಳುವುದು ನಾನು,
ಹಾವಿದ್ದರೆ ಅದು ಪುಕ್ಕಟೆ," ಅಂದ ಎಫ್ರೇನ್.

ನಾಲ್ಕನೇ ಸಾಲಿನಲ್ಲಿ ನಿಂತಿತ್ತು. ನಮ್ಮದೇ.
ಅದೇ ಕಂದು ಪಟ್ಟೆ, ಅದೇ ಮೆಟ್ಟಿಲಿನಲ್ಲಿ ಅದೇ ಸೀಳು.
ಒಳಗೆ ಹೋದವಳ ಕೈ ಅಭ್ಯಾಸದಿಂದ ದೀಪದ ಗುಂಡಿ ಒತ್ತಿತು.
ಹತ್ತಲಿಲ್ಲ.
ವರ್ನಾ ಮಾತಾಡಲಿಲ್ಲ. ನನಗೂ
ಸ್ಕ್ರೂಡ್ರೈವರ್ ಹೊರಗೆ ತೆಗೆಯಲು ಸ್ವಲ್ಪ ಹೊತ್ತು ಬೇಕಾಯಿತು,
ಮಲಗಿದವರ ಬೆರಳಿನ ಉಂಗುರ ಬಿಚ್ಚುವ ಹಾಗೆ.

ಬೀರುವಿನ ಬಾಗಿಲ ಒಳಮೈಯಲ್ಲಿ ಪೆನ್ಸಿಲ್ ಬರಹ:
"ಏಪ್ರಿಲ್ 2009. ಪಂಪ್ ಹೊಸತು. ಕರ್ಟಿಸ್ ಹಾಕಿದ."
"ಸೋರುತ್ತಿದೆ."
"ಸೋರುತ್ತಿಲ್ಲ!"
"ಫ್ರಿಜ್ಜು ಬದುಕಿತು. ಅರವತ್ತು ಉಳಿಯಿತು, ಪೈ ತಿಂದೆವು."
ಕೊನೆಗೆ, ಬೇರೆ ಯಾರದೋ ಅಕ್ಷರದಲ್ಲಿ:
"ಎಡಗಡೆಯ ಕಿಟಕಿ ಬಿಗಿ. ಒರಟು ಮಾಡಬೇಡ."
ಆಮೇಲೆ ಬರೀ ಮರ.

ಹಿಡಿಗೆ ಮೂರು ಡಾಲರ್.
"ಬೀರುವಿನ ಬಾಗಿಲಿಗೆ ಎಷ್ಟು?" ಅಂದಳು ವರ್ನಾ.
ಎಫ್ರೇನ್ ನಕ್ಕ. ಹಾಳು ಪ್ಲೈವುಡ್ಡು, ಹಾಗೇ ಒಯ್ಯಿ ಅಂದ.
ಎಲ್ಲರೊಡನೆ ಹತ್ತು ಸೆಂಟಿಗೂ ಜಗಳ ಕಾಯುವ ನನ್ನ ಅಕ್ಕ
ಎಣಿಸದೆ ಒಂದು ನೋಟು ಅವನ ಜೇಬಿಗೆ ತುರುಕಿದಳು.
ಎಷ್ಟರದೆಂದು ನನಗೆ ಇವತ್ತಿಗೂ ಹೇಳಿಲ್ಲ.
ಪುಸ್ತಕದಲ್ಲೂ ಇಲ್ಲ.

ಬಾಗಿಲು ಕೂತಿತು, ತಿರುಪಿನ ತೂತು ಸಹಿತ.
ನಮ್ಮ ಹಳೆಯ ಬಾಗಿಲನ್ನು ಅವನಿಗೇ ಮಾರಿದಳು ಮಹಾತಾಯಿ,
ಅರ್ಧ ಡಾಲರಿಗೆ, ಕಾಲು ಗಂಟೆ ಚೌಕಾಶಿ ಮಾಡಿ.

ರಾತ್ರಿ ಆ ಬರಹದ ಕೆಳಗೆ ನಾನು ಬರೆದೆ:
"ಕಿಟಕಿಯ ಹಿಡಿ. ಯೂಮಾ. ಮೂರು ಡಾಲರ್. ಮಾರ್ಲಿಸ್ ಹಾಕಿದಳು."
ತಿರುಗಿಸಿ ನೋಡಿದೆ.
ನಮ್ಮದರ ಎಡಗಡೆಯದೂ ಬಿಗಿ.
ಒರಟು ಮಾಡಲಿಲ್ಲ.